ಬಿಳಿ ರಕ್ತಕಣಗಳಿಗೂ ಭಾನುವಾರದ ರಜೆಯೇ?

ಮಾನ್ಯರೇ,

ಮೂತ್ರಪಿಂಡ ಕಸಿಗಾಗಿ ಕಾದಿರುವವರ ಮತ್ತು ಅವರ ದಾನಿಗಳ ರಕ್ತದ ಮಾದರಿಗಳು ಕೆಟ್ಟುಹೋದ ಬಗ್ಗೆ ಮಂಗಳವಾರದ ಸಂಚಿಕೆಯಲ್ಲಿ ಬಂದ ವರದಿಗೆ ಈ ಪ್ರತಿಕ್ರಿಯೆ. ಕೆಟ್ಟ ಮಾದರಿಗಳಲ್ಲಿ, ಅಕ್ಕನಿಗೆ ಮೂತ್ರಪಿಂಡ ಕೊಡಲು ಮುಂದಾದ ನನ್ನದೂ ಒಂದು. ‘ರಕ್ತದ ಗುಂಪು ಹೊಂದಿಕೆಯಾಗಿರುವುದರಿಂದ ಆತಂಕಪಡಬೇಕಿಲ್ಲ’ ಎಂಬ ಅಧಿಕಾರಿಗಳ ಸ್ಪಷ್ಟನೆಯನ್ನು ಓದಿದ ಮೇಲಂತೂ ಸುಮ್ಮನಿರಲಾಗಲಿಲ್ಲ.

ನನ್ನ ಅಕ್ಕ ಮತ್ತು ಭಾವನವರ ರಕ್ತದ ಗುಂಪು ಒಂದೇ. ಆದರೂ ಭಾವನವರ ಮೂತ್ರಪಿಂಡ ಅವಳಿಗೆ ಆಗಿಬರಲಿಲ್ಲ. ಮಕ್ಕಳು ತಂದೆಯಿಂದ ಪಡೆದ ಎಚ್‌ಎಲ್‌ಎ ಎಂಬ, ಜೀವಕೋಶಗಳ ಮೇಲಿನ ಗುರುತಿನ ಪ್ರೋಟೀನುಗಳನ್ನು ಗರ್ಭಿಣಿಯ ದೇಹ ಪರಕೀಯವೆಂದು ಗುರುತಿಸಿ ಪ್ರತಿಕಾಯಗಳನ್ನು ಬೆಳೆಸಿಕೊಳ್ಳಬಹುದೆಂದೂ, ಅವು ವರ್ಷಗಳ ನಂತರವೂ ಉಳಿದಿದ್ದು ಗಂಡನ ಅಂಗವನ್ನು ಕೆಲವೇ ಗಂಟೆಗಳಲ್ಲಿ ಹಾಳುಗೆಡವಬಲ್ಲವೆಂದೂ ವೈದ್ಯರು ವಿವರಿಸಿದರು. ಹಾಗಾಗಿ ಸರದಿ ನನ್ನದಾಯಿತು. ಒಡಹುಟ್ಟಿದವರಲ್ಲಿ ಅಂಗಾಂಶ ಪೂರ್ತಿ ಹೊಂದುವ ಸಾಧ್ಯತೆ ಶೇ 25 ಮಾತ್ರವಾದರೂ ಅರ್ಧ ಹೊಂದಿದರೂ ಕಸಿ ನಡೆಯುತ್ತದೆ. ಆದರೆ ಅದಕ್ಕೆ ಮೊದಲು ದಾನಿಯ ಬಿಳಿ ರಕ್ತಕಣಗಳನ್ನು ರೋಗಿಯ ಸೀರಮ್‌ನೊಡನೆ (ಪ್ರತಿಕಾಯಗಳಿರುವ ರಕ್ತದ ದ್ರವಭಾಗ) ಬೆರೆಸಿ, ಅವು ಸಾಯುತ್ತವೆಯೋ ಉಳಿಯುತ್ತವೆಯೋ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಆಗಲೇಬೇಕು.

ಪರೀಕ್ಷೆಗೆ ಮೊದಲೇ ಸತ್ತ ಕಣಗಳಿಂದ ಏನು ತಿಳಿದೀತು? ಶುಕ್ರವಾರ ಸಂಜೆ ಕೊಟ್ಟ ರಕ್ತವನ್ನು ಕಚೇರಿಯವರು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸದೆ, ಎರಡನೇ ಶನಿವಾರ ಮತ್ತು ಭಾನುವಾರ ಫ್ರಿಜ್ಜಿನಲ್ಲಿ ಭದ್ರವಾಗಿಟ್ಟು, ಸೋಮವಾರ ‘ಇನ್ನೊಮ್ಮೆ ಬನ್ನಿ’ ಎಂದು ಹೇಳಿಕಳುಹಿಸಿದರು. ರಜೆಯ ಸುತ್ತೋಲೆ ಪಾಪ ಆ ಕಣಗಳಿಗೆ ತಲುಪಿರಲಿಲ್ಲವೇನೋ! ಅತ್ತ ನನ್ನ ಕೆಲಸ ಕೆಟ್ಟಿತು, ಬಾಡಿಗೆ ಕಾರಿನ ಹಣ ಹೋಯಿತು, ಅಕ್ಕನ ಡಯಾಲಿಸಿಸ್ ಮುಂದುವರಿಯಿತು. ಅದರ ನಡುವೆ ರಕ್ತ ಏರಿಸಬೇಕಾಗಿ ಬಂದರೆ ಹೊಸ ಪ್ರತಿಕಾಯಗಳು ಹುಟ್ಟಿಕೊಳ್ಳುವ ಭಯ ಬೇರೆ.

ಇದೇ ಕಚೇರಿ ಕಳೆದ ವರ್ಷ, ನಾವು ಅಕ್ಕತಮ್ಮಂದಿರೆಂದು ಸಾಬೀತುಪಡಿಸಲು ವಂಶವೃಕ್ಷ ತರಿಸಿತ್ತು. ಗ್ರಾಮ ಲೆಕ್ಕಿಗರು ಸಿಗಲಿಲ್ಲ. ಸಿಕ್ಕಾಗ ಸರ್ವರ್ ಇರಲಿಲ್ಲ. ಕೊನೆಗೆ ಬಂದ ಪತ್ರದಲ್ಲಿ ನಾನೇ ಅಕ್ಕನಿಗಿಂತ ಹಿರಿಯನಾಗಿದ್ದೆ. ಒಂದು ಕಾಗದದ ಮೊಹರಿಗೆ ಇಷ್ಟು ಕಾಳಜಿ ವಹಿಸುವವರಿಗೆ ರಕ್ತದ ಕೊಳವೆಯ ಮೇಲೆ ಬರೆದ ಗಂಟೆ, ನಿಮಿಷ ಕಾಣುವುದಿಲ್ಲವೇ?

ಸಂಬಂಧಪಟ್ಟವರು ನಮ್ಮ ಜಿಲ್ಲೆಯಲ್ಲಿಯೇ ಈ ಪರೀಕ್ಷೆಗೆ ಪ್ರಯೋಗಾಲಯ ತೆರೆಯಲಿ, ಇಲ್ಲವೇ ಮಾದರಿಗಳನ್ನು ಅಂದಂದೇ ಸಾಗಿಸುವ ಏರ್ಪಾಡು ಮಾಡಲಿ. ಎರಡೂ ಆಗದಿದ್ದರೆ ರಕ್ತದ ಗುಂಪಿನ ಬಗ್ಗೆ ಪತ್ರಿಕೆಗಳಿಗೆ ಪಾಠ ಹೇಳುವುದನ್ನಾದರೂ ನಿಲ್ಲಿಸಲಿ.

– ನೊಂದ ದಾನಿ