ಶನಿವಾರದ ಬೆಕ್ಕುಗಳ ವಿಚಾರವಾಗಿ ಪೋಷಕರಿಗೆ

ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳ ಪೋಷಕರಿಗೆ ನಮಸ್ಕಾರಗಳು.

ದಸರಾ ರಜೆ ಕಳೆದ ಮೇಲೆ ಪ್ರತಿ ಶನಿವಾರ, ಬೆಳಗಿನ ತರಗತಿ ಮುಗಿಸಿ, ಹತ್ತು ಮಕ್ಕಳ ಒಂದೊಂದು ತಂಡವನ್ನು ಮೈಸೂರಿನ ಹೊರವಲಯದ ಪ್ರಾಣಿ ಆಶ್ರಯ ಕೇಂದ್ರಕ್ಕೆ ಸೇವೆಗೆ ಕರೆದೊಯ್ಯುತ್ತೇವೆ ಎಂದು ಡೈರಿಯಲ್ಲಿ ಬರೆಸಿದ್ದೆ. ಮರುದಿನವೇ ಮೂವರು ಪೋಷಕರು ಕಚೇರಿಗೆ ಬಂದರು. “ಓದುವ ಮಕ್ಕಳಿಂದ ಬೆಕ್ಕಿನ ಕಕ್ಕಸು ಬಳಿಸುತ್ತೀರಾ?” ಎಂದು ಒಬ್ಬರು ನೇರವಾಗಿಯೇ ಕೇಳಿದರು. ಹೌದು, ಬಳಿಸುತ್ತೇವೆ. ಮರಳಿನ ತಟ್ಟೆ ಚೊಕ್ಕಟ ಮಾಡುವುದು, ನೀರಿನ ಬಟ್ಟಲು ತೊಳೆಯುವುದು, ಹಾಸಿದ ಗೋಣಿಚೀಲ ಕೊಡವುವುದು, ಇಷ್ಟಕ್ಕೆ ಅರ್ಧ ಗಂಟೆ ಸಾಕು. ಕೈಗವಸು ಶಾಲೆಯದು.

ಕಷ್ಟದ ಕೆಲಸ ಆಮೇಲಿನದು: ಒಂದು ಗಂಟೆ ಸುಮ್ಮನೆ ಕೂರುವುದು. ಕಳೆದ ವಾರ ನಾನೇ ಹೋಗಿ ಕೂತು ಬಂದೆ. ಬೀರುವಿನ ಹಿಂದೆ ಒಂದು ಕರಿಯ ಬೆಕ್ಕು ಅಡಗಿತ್ತು. ಕೈ ಚಾಚಿದಷ್ಟೂ ಒಳಗೆ ಸರಿಯಿತು. ಅಲ್ಲಿ ಕೆಲಸ ಮಾಡುವ ಹುಡುಗಿ, “ಅದರ ಕಡೆ ನೋಡಬೇಡಿ ಮೇಡಂ, ನೆಲದ ಮೇಲೆ ಕೂತು ಪೇಪರ್ ಓದಿ” ಎಂದಳು. ಸಂಪಾದಕೀಯ ಮುಗಿಸಿ ಕ್ರೀಡಾಪುಟಕ್ಕೆ ಬರುವಷ್ಟರಲ್ಲಿ ಬೆಕ್ಕು ಹೊರಬಂದು ನನ್ನ ಸೀರೆಯ ಅಂಚು ಮೂಸುತ್ತಿತ್ತು. ದಿಟ್ಟಿಸಿ ನೋಡಿದರೆ ಬೆಕ್ಕಿಗೆ ಅದು ಬೆದರಿಕೆ. ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ಸ್ನೇಹ. ಬಾಲ ನೆಟ್ಟಗೆ ಎತ್ತಿಕೊಂಡು ಬಂದರೆ ಮಾತನಾಡಿಸಬಹುದು, ಬಾಲ ಬಡಿಯತೊಡಗಿದರೆ ಕೈ ಹಿಂತೆಗೆಯಬೇಕು. ಕಣ್ಣು ಬಿಟ್ಟು ತರಗತಿ ಆಳಿ ಅಭ್ಯಾಸವಾದ ನನಗೆ ಇದು ಸುಲಭವಾಗಲಿಲ್ಲ.

ಬೆಕ್ಕು ಸಾಕಲೆಂದು ಬರುವವರು ಬೀರುವಿನ ಹಿಂದೆ ಇಣುಕುವುದಿಲ್ಲ, ಕಾಲಿಗೆ ಮೈ ಉಜ್ಜುವುದನ್ನೇ ಒಯ್ಯುತ್ತಾರೆ. ಹುಟ್ಟಿದ ಎರಡರಿಂದ ಏಳು ವಾರಗಳೊಳಗೆ ಮನುಷ್ಯರ ಕೈ ರೂಢಿಯಾದ ಮರಿ ಬೇಗ ಹೊಂದಿಕೊಳ್ಳುತ್ತದೆ. ಆ ಅವಧಿ ದಾಟಿದವಕ್ಕೆ ಬೇಕಾಗುವುದು ಯಾರಾದರೊಬ್ಬರ ಬಿಡುವು. ಅನ್ನ ಹಾಕಿ, ಔಷಧಿ ಕುಡಿಸಿ ಓಡಾಡುವ ಅಲ್ಲಿನ ಕೆಲಸಗಾರರಿಗೆ ಅದೊಂದೇ ಇಲ್ಲ. ಅದರಲ್ಲೂ ಕರಿಯ ಬೆಕ್ಕು ಅಡ್ಡಬಂದರೆ ಸ್ಕೂಟರ್ ನಿಲ್ಲಿಸುವ ನಮ್ಮಂಥವರ ನಡುವೆ ಅದಕ್ಕೆ ಮನೆ ಸಿಗಬೇಕಾದರೆ, ಅದು ಇತರ ಬೆಕ್ಕುಗಳಿಗಿಂತ ಹೆಚ್ಚು ಸ್ನೇಹದಿಂದಿರಬೇಕು.

‘ದತ್ತು’ ಎಂಬ ಮಾತಿಗೆ ನಮ್ಮೂರಿನಲ್ಲಿ ಬೇರೆ ಅರ್ಥವೂ ಇದೆ. 1892ರಿಂದ ಇರುವ ನಮ್ಮ ಮೃಗಾಲಯದಲ್ಲಿ ಹಣ ಕಟ್ಟಿ ದತ್ತು ಪಡೆದರೆ ಪ್ರಾಣಿ ಅಲ್ಲೇ ಉಳಿಯುತ್ತದೆ. ಇಲ್ಲಿ ಬೆಕ್ಕು ಮನೆಗೇ ಬರುತ್ತದೆ, ಬಂದರೆ 12-15 ವರ್ಷ ಇರುತ್ತದೆ. ನಿಮ್ಮ ಮಗಳು ಕಾಲೇಜು ಮುಗಿಸಿ ಬೆಂಗಳೂರಿಗೆ ಹೋದ ಮೇಲೂ ಅದು ನಿಮ್ಮ ಸೋಫಾದ ಮೇಲಿರುತ್ತದೆ. ಆದ್ದರಿಂದ ಮಕ್ಕಳು ಎಷ್ಟೇ ಅತ್ತರೂ ನಾವು ಬೆಕ್ಕನ್ನು ಬಸ್ಸಿಗೆ ಹತ್ತಿಸುವುದಿಲ್ಲ. ನೀವೇ ಹೋಗಿ, ನೋಡಿ, ಯೋಚಿಸಿ ತರಬೇಕು. ಹಾಲು, ಮೊಸರನ್ನದಲ್ಲೇ ಸಾಕುತ್ತೇವೆ ಎನ್ನುವವರು ಇನ್ನೊಮ್ಮೆ ಯೋಚಿಸಿ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನಿಂದ ಭೇದಿಯಾಗುತ್ತದೆ. ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಪೋಷಕಾಂಶ ಇಲ್ಲದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ನಮ್ಮಜ್ಜಿಯ ಬೆಕ್ಕು ಮೊಸರನ್ನ ತಿಂದು ಗುಂಡಗಿತ್ತಲ್ಲ ಎಂದು ನಾನೂ ವಾದಿಸಿದ್ದುಂಟು. ಅಟ್ಟದ ಇಲಿಗಳ ಲೆಕ್ಕವನ್ನು ಅಜ್ಜಿ ಇಟ್ಟಿರಲಿಲ್ಲ.

ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಕರೆದೊಯ್ದು ನಿಮಗೆ ಫೋನ್ ಮಾಡುತ್ತೇವೆ. ರೇಬೀಸ್ ಚುಚ್ಚುಮದ್ದು ಬೇಕೇ ಎಂಬುದನ್ನು ವೈದ್ಯರು ಹೇಳಲಿ. ಅರಿಶಿನ, ಸುಣ್ಣ ಹಚ್ಚಬೇಡಿ. ಬೈಗುಳದ ಭಯಕ್ಕೆ ಮಕ್ಕಳು ಗಾಯ ಮುಚ್ಚಿಡುವುದೇ ನನ್ನ ದೊಡ್ಡ ಚಿಂತೆ, ಅದನ್ನು ಮನೆಯಲ್ಲಿ ಮೊದಲೇ ಹೇಳಿಡಿ. ಉಬ್ಬಸ, ಅಲರ್ಜಿ ಇರುವ ಮಕ್ಕಳು ಹೋಗುವುದು ಬೇಡ. ದತ್ತು ಹೋಗಲು ಕಾದಿರುವ ಬೆಕ್ಕುಗಳ ಪರಿಚಯವನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯುವ ಕೆಲಸ ಅವರಿಗಿದೆ.

ಉದ್ದ ತೋಳಿನ ಹಳೆಯ ಅಂಗಿ, ಷೂ ಹಾಕಿ ಕಳುಹಿಸಿ. ಒಪ್ಪಿಗೆ ಪತ್ರ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಲಿ. ಸಹಿಯನ್ನು ದಯವಿಟ್ಟು ನೀವೇ ಹಾಕಿ; ಹೋದ ವರ್ಷದ ಪ್ರವಾಸದ ಪತ್ರಗಳಲ್ಲಿ ಒಂದೇ ನೀಲಿ ಪೆನ್ನಿನಲ್ಲಿ ಆರು ಅಪ್ಪಂದಿರ ಸಹಿ ಇತ್ತು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಮೈಸೂರು