ನೆಲ ಹದ ಮಾಡಿದ ಕೈಗಳಿಗೆ

ಮದ್ದೂರು ಕಡೆಯ ನಮ್ಮ ಜೋಡೆತ್ತಿನ ಗಾಡಿ ಓಟ ಈ ಸಲ ಒಂದು ಎತ್ತಿಗೂ ಪೆಟ್ಟಾಗದೆ ಮುಗಿಯಿತು. ಮುಂದಿನ ವರ್ಷದಿಂದ ಟ್ರ್ಯಾಕ್ ಉಸ್ತುವಾರಿ ಹುಡುಗರದ್ದು. ಹೊಣೆ ಇಳಿಸುವ ಮುನ್ನ ಋಣ ಹೇಳಿಬಿಡಬೇಕು.

ಜಮೀನು ಬಿಟ್ಟುಕೊಟ್ಟ ರೈತರು, ಕಲ್ಲು ಆಯ್ದ ಹೆಂಗಸರು, ಸರ್ವೆ ಮರದ ಬೇಲಿ ಕಟ್ಟಿದವರು, ಪಶುವೈದ್ಯರು, ಪೊಲೀಸರು, ಊಟ ಬಡಿಸಿದ ಸಂಘದವರು, ಎಲ್ಲರಿಗೂ ಕೈಮುಗಿದೆ.

ಇನ್ನು ಟ್ರ್ಯಾಕಿನ ನೆಲ ಹದ ಮಾಡುವ ರೋಲರ್ ಅಣ್ಣ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಮಾಡಿದ ಕೆಲಸವನ್ನಾದರೂ ಬರೆಯುತ್ತೇನೆ.

ಓಟದ ಹಿಂದಿನ ರಾತ್ರಿಯ ಮಳೆ ನಿಮಗೆಲ್ಲ ಗೊತ್ತು. ಮೋಡ ಕಟ್ಟುವಾಗಲೇ ಅವರು ಟ್ರ್ಯಾಕ್ಟರಿನಿಂದ ಮಣ್ಣು ಸಡಿಲಿಸುವ ಹಲುಬೆ ಬಿಚ್ಚಿಟ್ಟು, ನೆಲ ಒತ್ತುವ ರೋಲರ್ ಕಟ್ಟಿದರು. ಸಡಿಲ ಮಣ್ಣು ನೀರು ಕುಡಿಯುತ್ತದೆ. ಒತ್ತಿ ಮುಚ್ಚಿದ ನೆಲದ ಮೇಲೆ ನೀರು ಜಾರಿ ಪಕ್ಕದ ಕಾಲುವೆ ಸೇರುತ್ತದೆ. ನಡುವೆ 4 ಇಂಚು ಉಬ್ಬು ಇಟ್ಟಿರುವುದೂ ಅದಕ್ಕೇ. ಕುದುರೆ ಎರಡು ಚಕ್ರದ ಗಾಡಿ ಎಳೆಯುವ ಹಾರ್ನೆಸ್ ರೇಸಿನ ಟ್ರ್ಯಾಕುಗಳಲ್ಲೂ ಮಳೆಗೆ ಮುಂಚೆ ನೆಲವನ್ನು ಹೀಗೇ ಮುಚ್ಚುತ್ತಾರೆ. ಹನಿ ಬಿದ್ದ ಮೇಲೆ ಟ್ರ್ಯಾಕ್ಟರನ್ನು ಒಳಗೆ ಬಿಡಲಿಲ್ಲ. ಜಿಗುಟು ಎರೆಮಣ್ಣು ಬೆರೆತ ನೆಲದಲ್ಲಿ ಹಸಿಯಲ್ಲಿ ಬಿದ್ದ ಟೈರಿನ ಜಾಡು ಒಣಗಿದರೆ ಕಲ್ಲಾಗುತ್ತದೆ, ಗೊರಸು ಅದರಲ್ಲಿ ತಿರುಚಿಕೊಳ್ಳುತ್ತದೆ. ಉಳಿದವರು ಮನೆ ಸೇರಿದರು. ಅವರು ಸನಿಕೆ ಹಿಡಿದು ಬೆಳಗಿನ ತನಕ ತಗ್ಗಿನ ಬದಿಯ ಕಾಲುವೆ ಬಿಡಿಸುತ್ತಲೇ ಇದ್ದರು.

ಬೆಳಗ್ಗೆ ಬಂದವರೆಲ್ಲ ಒಣಮಣ್ಣು ಸುರಿಯಿರಿ ಅಂದರು. ಅಣ್ಣ ಒಪ್ಪಲಿಲ್ಲ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಕೆಸರು. ಲಾಳ ಕಟ್ಟಿದ ಕಾಲು ಜಾರುವುದು ಅಲ್ಲೇ. ನಿಂತ ನೀರನ್ನು ಗೋಣಿಚೀಲಕ್ಕೆ ಹೀರಿಸಿ, ಬಿಸಿಲೇರುವ ತನಕ ಎಲ್ಲರನ್ನೂ ಕಾಯಿಸಿದರು. ಮಣ್ಣು ಹಿಸುಕಿದರೆ ಉಂಡೆ ಕಟ್ಟಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಅಂಗೈಗೆ ಅಂಟಬಾರದು. ಆ ಹದ ಬಂದ ಮೇಲೇ ಹಲುಬೆ ಬಿಟ್ಟರು, ಅದೂ ಮೇಲಿನ 2 ಇಂಚು ಮಾತ್ರ. ಗೆಲುವಿನ ಗೆರೆಯಾಚೆಯ 150 ಅಡಿಯನ್ನು ಇನ್ನೂ ಆಳಕ್ಕೆ ಸಡಿಲ ಮಾಡಿದರು. ಅಲ್ಲಿ ಎತ್ತು ತಾನಾಗಿ ವೇಗ ಕಳೆದುಕೊಳ್ಳುತ್ತದೆ, ಮೂಗುದಾರ ಜಗ್ಗುವ ಪ್ರಸಂಗ ಬರುವುದಿಲ್ಲ.

ಕಾಲು ಮುರಿದ ಎತ್ತು ಮತ್ತೆ ನೊಗಕ್ಕೆ ಬರುವುದಿಲ್ಲ. ಹಳ್ಳಿಕಾರ್ ತಳಿಯ ಜೋಡಿಯನ್ನು ಮಕ್ಕಳ ಪಾಲಿನ ಹಾಲು ಕುಡಿಸಿ ಸಾಕಿದ ಮನೆಯವರಿಗೆ ಆ ಮಾತು ಹೇಳುವ ಧೈರ್ಯ ನನಗಿಲ್ಲ. ಯಾವತ್ತೂ ಇರಲಿಲ್ಲ. ಆ ರಾತ್ರಿ ಅಣ್ಣ ಹೊರಟುಹೋಗಿದ್ದರೆ ಓಟ ರದ್ದು ಮಾಡುವುದೊಂದೇ ದಾರಿ.

2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಓಟಗಳು ನಿಂತವು. 2023ರ ಮೇ 18ರಂದು ಅದೇ ಕೋರ್ಟಿನ ಸಂವಿಧಾನ ಪೀಠ ಈ ಓಟಗಳಿಗೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಎತ್ತಿಹಿಡಿಯಿತು. ಪ್ರಾಣಿಗೆ ಅನಗತ್ಯ ನೋವು ಕೊಡಬಾರದೆಂಬ ಷರತ್ತು ಆ ಕಾಯ್ದೆಯಲ್ಲೇ ಇದೆ. ಅದನ್ನು ಎಲ್ಲರಿಗಿಂತ ಮೊದಲು ಪಾಲಿಸಬೇಕಾದವರು ನೆಲ ಸಿದ್ಧ ಮಾಡುವವರು.

ಹುಡುಗರೇ, ರೋಲರ್ ಅಣ್ಣ ಮುಂದಿನ ವರ್ಷವೂ ಬರಲು ಒಪ್ಪಿದ್ದಾರೆ. ಡೀಸೆಲ್ ದುಡ್ಡು ಮುಂಗಡ ಕೊಡಿ, ಹಲುಬೆಯ ಸವೆದ ಹಲ್ಲುಗಳನ್ನು ಈಗಲೇ ಬದಲಿಸಿ, ಮಣ್ಣಿನ ವಿಷಯದಲ್ಲಿ ಅವರ ಮಾತು ಮೀರಬೇಡಿ.