ಸಾವಿನ ಮನೆಯಲ್ಲಿ ನಗಬಾರದಾ?

ಮಾನ್ಯ ಸಂಪಾದಕರೇ,

ಹದಿಹರೆಯದವರ ಇಂಗ್ಲಿಷ್ ಸಿನಿಮಾಗಳು ಮಕ್ಕಳನ್ನು ಕೆಡಿಸುತ್ತಿವೆ ಅಂತ ಓದುಗರೊಬ್ಬರು ಮೊನ್ನೆ ಇಲ್ಲಿ ಬರೆದಿದ್ದರು. ಉದಾಹರಣೆಗೆ ಅವರು ಕೊಟ್ಟಿದ್ದು 2016ರ ‘ದಿ ಎಡ್ಜ್ ಆಫ್ ಸೆವೆಂಟೀನ್’. ಅದನ್ನು ನಾನು ಅಕ್ಕನ ಮಗಳ ಜೊತೆ ಕೂತು ನೋಡಿದ್ದೇನೆ. ಅವಳೀಗ ಸೆಕೆಂಡ್ ಪಿಯುಸಿ.

ಅವರ ಸಿಟ್ಟೆಲ್ಲ ಒಂದು ಮೆಸೇಜಿನ ಮೇಲೆ. ನಡೀನ್ ಅನ್ನೋ ಹುಡುಗಿ ನಿಕ್ ಅನ್ನೋ ಹುಡುಗನಿಗೆ ಹೇಳಬಾರದ್ದನ್ನೆಲ್ಲ ಟೈಪ್ ಮಾಡಿ, ಕೈತಪ್ಪಿ ಕಳಿಸಿಬಿಡುತ್ತಾಳೆ ನಿಜ. ಆದರೆ ಆಮೇಲೆ? ಅವನ ಕಾರಿನಲ್ಲಿ ಕೂತಾಗ ಇವಳಿಗೆ ಬೇಕಿದ್ದದ್ದು ಮಾತು, ಅವನಿಗೆ ಬೇಕಿದ್ದದ್ದು ಬೇರೆ, ಬೇಡ ಅಂದು ಇಳಿದೇ ಬರುತ್ತಾಳೆ. ಮೆಸೇಜು ಕಂಡವರಿಗೆ ಇದು ಕಾಣಲಿಲ್ವಾ?

ಕಥೆಯ ಬೇರು ಇರೋದು ಅಲ್ಲೂ ಅಲ್ಲ. ಅವಳಿಗೆ 13 ವರ್ಷ ಇದ್ದಾಗ, ಕಾರು ಓಡಿಸುತ್ತಾ ಹಾಡುತ್ತಿದ್ದ ಅಪ್ಪ ಅವಳ ಪಕ್ಕದ ಸೀಟಿನಲ್ಲೇ ಹೃದಯಾಘಾತದಿಂದ ಹೋಗಿಬಿಟ್ಟಿದ್ದಾನೆ. ಉಳಿದಿದ್ದು ಕ್ರಿಸ್ಟಾ ಅನ್ನೋ ಒಬ್ಬಳೇ ಗೆಳತಿ. ಅವಳೂ ಇವಳ ಅಣ್ಣನ ಜೊತೆ ಓಡಾಡತೊಡಗಿದರೆ ಆ ಹುಡುಗಿ ಯಾರ ಹತ್ತಿರ ಹೋಗಬೇಕು? ಹೋಗೋದು ಮೇಷ್ಟ್ರ ಹತ್ತಿರ. ಊಟದ ಬಿಡುವಿನಲ್ಲಿ ನುಗ್ಗಿ, ಸಾಯ್ತೀನಿ ಅನ್ನುತ್ತಾಳೆ. ಮೇಷ್ಟ್ರು ಗಾಬರಿ ಬೀಳಲ್ಲ, ಬುದ್ಧಿನೂ ಹೇಳಲ್ಲ. ನಾನೂ ಸಾಯೋ ಪತ್ರವನ್ನೇ ಬರೀತಿದ್ದೆ, ದಿನಕ್ಕೆ ಸಿಗೋ ನೆಮ್ಮದಿಯ 32 ನಿಮಿಷವನ್ನೂ ಒಬ್ಬ ಹುಡುಗಿ ಬಂದು ತಿಂದುಹಾಕ್ತಾಳೆ ಅಂತ ಓದಿ ಹೇಳುತ್ತಾರೆ! ನಿಜವಾದ ಶಾಲೆಯಲ್ಲಿ ಯಾರೂ ಹಾಗೆ ಮಾಡಬಾರದು, ಒಪ್ಪಿದೆ. ಆದರೆ ಆ ರಾತ್ರಿ ನಿಕ್ ಕಾರಿನಿಂದ ಇಳಿದ ನಡೀನ್ ಫೋನು ಮಾಡೋದು ಇದೇ ಮೇಷ್ಟ್ರಿಗೆ. ಅವರು ಬರುತ್ತಾರೆ ಕೂಡ.

ಬರೆದು ನಿರ್ದೇಶಿಸಿದ ಕೆಲ್ಲಿ ಫ್ರೆಮನ್ ಕ್ರೇಗ್‌ಗೆ ನಿರ್ದೇಶಕಿಯಾಗಿ ಇದು ಮೊದಲ ಚಿತ್ರ. ಅಮೆರಿಕದಲ್ಲಿ ‘ಆರ್’ ಸರ್ಟಿಫಿಕೇಟ್ ಸಿಕ್ಕಿತು, ಅಂದರೆ 17 ತುಂಬದವರು ದೊಡ್ಡವರ ಜೊತೆಗೇ ಬರಬೇಕು. ನಮ್ಮಲ್ಲೂ 2024ರಿಂದ ಯುಎ, ಅಂದರೆ ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು ಅನ್ನೋ ಸರ್ಟಿಫಿಕೇಟನ್ನು 7, 13, 16 ಅಂತ ವಯಸ್ಸಿನ ಪ್ರಕಾರ ಒಡೆದಿದ್ದಾರೆ. ಜೊತೆಗೆ ಕೂತು ನೋಡಿ ಅಂತ ತಾನೇ ಇದರ ಅರ್ಥ? ನಾವೋ ರಿಮೋಟು ಕಿತ್ತುಕೊಳ್ಳುತ್ತೇವೆ.

ನಾಲ್ಕು ವರ್ಷದ ಹಿಂದೆ ಭಾವ ತೀರಿಕೊಂಡರು. ತಿಥಿಯ ದಿನ ಅಕ್ಕನ ಮಗಳು, ಅವಳ ಗೆಳತಿ ಇಬ್ಬರೂ ಹಿತ್ತಲಲ್ಲಿ ಬಾಯಿಗೆ ದುಪ್ಪಟ್ಟಾ ತುರುಕಿಕೊಂಡು ನಗುತ್ತಿದ್ದರು. ಅಪ್ಪ ಸತ್ತಿರೋವಾಗ ಹಲ್ಲು ಕಿರೀತೀಯಾ ಅಂತ ಎಲ್ಲರೂ ಬೈದರು. ನಾನೂ ಬೈದೆ. ಅವಳು ಆಮೇಲೆ ಅಪ್ಪನ ಸುದ್ದಿಯನ್ನೇ ಎತ್ತಲಿಲ್ಲ.

ಸಿನಿಮಾ ಮುಗಿದ ಮೇಲೆ ತಾನಾಗಿಯೇ ಹೇಳಿದಳು. “ಚಿಕ್ಕಮ್ಮ, ಅವತ್ತು ಮಂತ್ರದ ಮಧ್ಯೆ ಪುರೋಹಿತರ ಫೋನು ಹೊಡ್ಕೊಳ್ತಲ್ಲ, ಆ ರಿಂಗ್‌ಟೋನು ಅಪ್ಪ ಬಚ್ಚಲಲ್ಲಿ ತಪ್ಪು ತಪ್ಪಾಗಿ ಹಾಡ್ತಿದ್ದ ಹಾಡು. ಅದಕ್ಕೇ ನಗು ಬಂದಿದ್ದು.”

ಇತಿ,
ಒಬ್ಬ ಓದುಗಿ, ತಿಪಟೂರು